ಟ್ಯೂಬಿಂಗೆನ್ನಿನಲ್ಲಿ ಒಂದು ಸಂಜೆ



ಮಗಳ ಜರ್ಮನಿಯ ದಿನಗಳ ಕುರಿತು ಬರೆಯುವೆನೆಂದು ಹೇಳಿ ವರ್ಷಗಳೇ ಕಳೆದವು. ಕೋಟೆ, ನದಿ, ಚರ್ಚುಗಳ ವರ್ಣನೆಯನ್ನು ನಿರೀಕ್ಷಿಸಿದವರಿಗೆ ನಿರಾಸೆಯಾದೀತು. ಇಷ್ಟು ದಿನ ಬರೆಯದಿದ್ದುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಅದನ್ನೂ ಇಂದು ಹೇಳಿಬಿಡುತ್ತೇನೆ.

2019ರ ಬೇಸಗೆಯಲ್ಲಿ ನಾನೂ ನನ್ನಾಕೆಯೂ ಟ್ಯೂಬಿಂಗೆನ್ ಎಂಬ ಊರಿನಲ್ಲಿ ಎರಡು ತಿಂಗಳು ಇದ್ದೆವು. ನೆಕ್ಕರ್ ನದಿಯ ದಂಡೆಯ ಪುಟ್ಟ ಊರು ಅದು. ಅಲ್ಲಿಯ ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು 1477ರಲ್ಲಿ. ಖಗೋಳಶಾಸ್ತ್ರಜ್ಞ ಕೆಪ್ಲರ್ ಓದಿದ್ದು ಅಲ್ಲಿಯೇ. ಬೆಟ್ಟದ ಮೇಲಿನ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಒಂದು ಪ್ರಯೋಗಶಾಲೆಯಿತ್ತಂತೆ. ನಾವು ಇಂದು ಡಿಎನ್‌ಎ ಎನ್ನುವ ವಸ್ತುವನ್ನು ಮೀಶರ್ ಎಂಬ ತರುಣ ವಿಜ್ಞಾನಿ 1869ರಲ್ಲಿ ಮೊದಲ ಬಾರಿಗೆ ಬೇರ್ಪಡಿಸಿದ್ದು ಅಲ್ಲಿ. ಮಗಳು ಅದೇ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷಗಳ ಕರಾರಿನ ಮೇಲೆ ಸಂಶೋಧಕಿಯಾಗಿದ್ದಳು.

ಹೊರದೇಶಗಳಿಂದ ಬಂದು ಕೆಲಸಕ್ಕೆ ಸೇರುವವರಿಗೆ ನೆರವಾಗಲು ಅಲ್ಲಿ ವೆಲ್ಕಮ್ ಸೆಂಟರ್ ಎಂಬ ಪ್ರತ್ಯೇಕ ಕಚೇರಿಯೇ ಇದೆ. ವೀಸಾ, ಬಾಡಿಗೆ ಮನೆ, ಆರೋಗ್ಯ ವಿಮೆ ಎಲ್ಲಕ್ಕೂ ದಾರಿ ತೋರಿಸುತ್ತಾರೆ. ಕಾಗದಪತ್ರದ ವಿಷಯದಲ್ಲಿ ಮಗಳಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಹೋದ ವಾರದೊಳಗೇ ನನ್ನಾಕೆಗೆ ಅನುಮಾನ ಬಂತು. ಭಾನುವಾರ ಬಂದರೆ ಮಗಳು ಮನೆಯಿಂದ ಹೊರಡುತ್ತಿರಲಿಲ್ಲ. ಫೋನು ಬಂದರೆ ಅದು ಇಂಡಿಯಾದಿಂದಲೇ. "ಇಲ್ಲಿ ನಿನಗೆ ಯಾರೂ ಬಳಕೆಯಿಲ್ಲವೇನೇ?" ಎಂದು ಕೇಳಿಯೇಬಿಟ್ಟಳು.

"ಎಲ್ಲರೂ ಒಳ್ಳೆಯವರೇ ಅಮ್ಮ. ಆದರೆ ಹದಿನಾಲ್ಕು ತಿಂಗಳಲ್ಲಿ ಒಬ್ಬರ ಮನೆಯ ಹೊಸಿಲನ್ನೂ ತುಳಿದಿಲ್ಲ" ಎಂದಳು ಮಗಳು.

ಈ ಮಾತನ್ನು ಎಲ್ಲಿಯೋ ಕೇಳಿದ್ದೇನೆ ಎನ್ನಿಸಿತು. ನೆನಪಾಗಲಿಲ್ಲ, ನೆನಪಾಗಲು ನಾನು ಬಿಡಲಿಲ್ಲ ಎಂದರೆ ಹೆಚ್ಚು ಸರಿ.

ಮುಂದಿನ ಶನಿವಾರ ಹೊರದೇಶದ ಸಿಬ್ಬಂದಿಗೂ ಅವರ ಮನೆಯವರಿಗೂ ಒಂದು ಸಂಜೆಯ ಕೂಟವಿತ್ತು. ಒಬ್ಬೊಬ್ಬರೂ ತಮ್ಮ ಊರಿನ ಒಂದು ತಿನಿಸು ತರಬೇಕು, ಇಷ್ಟವಿದ್ದವರು ಐದು ನಿಮಿಷ ತಮ್ಮ ನಾಡಿನ ಬಗ್ಗೆ ಮಾತನಾಡಬಹುದು. ಇಂಥ ಆಹ್ವಾನಗಳು ಮೊದಲೂ ಬಂದಿದ್ದವಂತೆ, ಮಗಳು ಹೋಗಿರಲಿಲ್ಲ. ನಾನು ಮೇಷ್ಟ್ರ ಗತ್ತಿನಿಂದ ಹೊರಡಿಸಿದೆ. ನಿಜ ಹೇಳಬೇಕೆಂದರೆ ಬಾಗಿಲಲ್ಲಿ ಕಾಲು ಹಿಂಜರಿದದ್ದು ನನ್ನದೇ. 35 ವರ್ಷ ತರಗತಿಯಲ್ಲಿ ಗುಡುಗಿದವನು ಅಲ್ಲಿ ಗೋಡೆಗೆ ಆನಿಕೊಂಡು ನಿಂತೆ.

ನನ್ನಾಕೆ ಚಿತ್ರಾನ್ನ ಮಾಡಿದ್ದಳು. ಪ್ರತಿ ಪಾತ್ರೆಯ ಮುಂದೆಯೂ ಅದರಲ್ಲಿ ಏನೇನಿದೆ ಎಂದು ಚೀಟಿ ಬರೆದಿಡಬೇಕು. ಕಡಲೆಕಾಯಿ ಒಗ್ಗದವರು ಅಲ್ಲಿ ಕೆಲವರಿರುತ್ತಾರೆ. ಪಕ್ಕದಲ್ಲಿ ಇರಾನಿನ ಭೌತವಿಜ್ಞಾನಿಯೊಬ್ಬರ ಕೇಸರಿ ಅನ್ನವಿತ್ತು. ತಳದಲ್ಲಿ ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾದ ಪದರವೇ ಅವರಲ್ಲಿ ಶ್ರೇಷ್ಠವಂತೆ, ಅತಿಥಿಗೆ ಅದನ್ನೇ ಮೊದಲು ಬಡಿಸುತ್ತಾರಂತೆ. ನಮ್ಮಲ್ಲಿ ತಳ ಹಿಡಿದರೆ ಅಡಿಗೆಯವರು ಬೈಗುಳ ತಿನ್ನುತ್ತಾರೆ ಎಂದಾಗ ಆತ ಬಹಳ ಹೊತ್ತು ನಕ್ಕರು. ಸ್ಥಳೀಯರು ಆಲೂಗೆಡ್ಡೆಯ ಸಲಾಡ್ ತಂದಿದ್ದರು. ಅದರ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ.

ನನ್ನ ಸರದಿ ಬಂತು. ಕಿಟ್ಟೆಲ್ ಅವರ ಬಗ್ಗೆ ಮಾತನಾಡಿದೆ, ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಕನ್ನಡಿಗರೆಲ್ಲ ಬಲ್ಲ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾನಿಲಯ. 1903ರಲ್ಲಿ ಅವರು ಕಣ್ಮುಚ್ಚಿದ್ದೂ ಇದೇ ಊರಿನಲ್ಲಿ. ಸಭೆಯಲ್ಲಿದ್ದ ಊರಿನವರೊಬ್ಬರೂ ಆ ಹೆಸರನ್ನು ಕೇಳಿರಲಿಲ್ಲ. ಧಾರವಾಡದ ಕಡೆಯ ಮಾತು, ಮೈಸೂರಿನ ಮಾತು ಎಂದು ಗುರುತು ಹಾಕಿ ಎರಡನ್ನೂ ಅವರು ನಿಘಂಟಿಗೆ ಸೇರಿಸಿಕೊಂಡರು ಎಂದು ಹೆಮ್ಮೆಯಿಂದಲೇ ಹೇಳಿದೆ.

ಇರಾನಿನ ಆ ಮಹನೀಯರು ಕೈ ಎತ್ತಿದರು. "ಸರಿ, ಆದರೆ ಆತನಿಗೆ ನಿಮ್ಮ ಭಾಷೆಯನ್ನು ಕಲಿಸಿದವರು ಯಾರು? ಯಾರೋ ಪಕ್ಕದಲ್ಲಿ ಕೂರಿಸಿಕೊಂಡಿರಬೇಕಲ್ಲವೆ?"

ಏನೋ ಹೇಳಿ ಕುಳಿತುಕೊಂಡೆ. ಆ ಹೊತ್ತಿಗೆ ಮಗಳ ಮಾತನ್ನು ಮೊದಲು ಎಲ್ಲಿ ಕೇಳಿದ್ದೆನೆಂದು ಹೊಳೆದಿತ್ತು.

ಮಂಡ್ಯ ಜಿಲ್ಲೆಯ ನಮ್ಮ ಪ್ರೌಢಶಾಲೆಗೆ 1983ರಲ್ಲಿ ಗದಗಿನ ಕಡೆಯ ಗಣಿತದ ಮೇಷ್ಟ್ರೊಬ್ಬರು ವರ್ಗವಾಗಿ ಬಂದರು. ನಿಮ್ಮಲ್ಲಿ ಹಿರಿಯರಾದ ಕೆಲವರು ಅವರ ಪಾಠ ಕೇಳಿದ್ದೀರಿ. ಅವರು "ಹೋಗೂಣ್ರಿ" ಎಂದರೆ ಉಪಾಧ್ಯಾಯರ ಕೊಠಡಿಯಲ್ಲಿ ನಗು. ಕನ್ನಡ ಪಂಡಿತನಾದ ನಾನು ನಗುವವರಲ್ಲಿ ಮುಂದು. ಅವರ ಮಾತನ್ನು ಅಣಕಿಸಿ ತೋರಿಸಿದ್ದೂ ಉಂಟು, ಅವರೆದುರಿಗೇ. ಅವರೂ ನಗುತ್ತಿದ್ದರು. ಒಂದು ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿಯನ್ನು ನನ್ನ ಮುಂದೆ ಸರಿಸಿ "ತಗೋರಿ ಸರ" ಎಂದರು. "ನಮಗೇನಿದ್ದರೂ ರಾಗಿ ಸ್ವಾಮಿ" ಎಂದುಬಿಟ್ಟೆ. ಅಂದಿನಿಂದ ಅವರು ಸೈಕಲ್ ಸ್ಟ್ಯಾಂಡಿನ ಹಿಂದಿನ ಹೊಂಗೆ ಮರದ ಕೆಳಗೆ ಒಬ್ಬರೇ ಉಣ್ಣತೊಡಗಿದರು. ಎರಡು ವರ್ಷಕ್ಕೆ ಮತ್ತೆ ವರ್ಗವಾಯಿತು. ಹಾರ ಹಾಕಿದೆವು, ಹಣ್ಣು ಕೊಟ್ಟೆವು, ನಾನೇ ಹೊಗಳಿ ಭಾಷಣ ಮಾಡಿದೆ. ಉತ್ತರವಾಗಿ ಅವರು, "ಎಲ್ಲಾರೂ ಛಲೋ ಮಂದಿ. ಎರಡು ವರ್ಷದಾಗ ಒಬ್ಬರ ಮನೀ ಹೊಸ್ತಲಾ ತುಳೀಲಿಲ್ಲ ನೋಡ್ರಿ, ಅದೊಂದ ಉಳೀತು" ಎಂದು ನಗುತ್ತಲೇ ಹೇಳಿದರು. ನಾವೂ ನಕ್ಕೆವು.

ಜರ್ಮನಿಯ ಪಾದ್ರಿಯೊಬ್ಬ ಧಾರವಾಡದ ಕಡೆಯ ಮಾತನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟ. ಆ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡಿದ್ದ ನಾನು ಅದೇ ಮಾತನ್ನು ಆಡಿದ ಕನ್ನಡಿಗನನ್ನು ಮರದ ಕೆಳಗೆ ಕೂರಿಸಿದ್ದೆ.

ಅಂದು ಇನ್ನೊಂದು ಘಟನೆ ನಡೆಯಿತು. ಜರ್ಮನ್ ಭಾಷೆಯಲ್ಲಿಯೂ ನಮ್ಮ ಹಾಗೆ ನೀನು, ನೀವು ಎಂಬ ಭೇದವಿದೆ: ಡೂ, ಝೀ. ವಯಸ್ಸಿನಲ್ಲಿ ಹಿರಿಯರಾದವರು ತಾವಾಗಿ ಹೇಳಿದ ಮೇಲೆಯೇ 'ಡೂ' ಎನ್ನಬೇಕು. ಮಗಳ ವಿಭಾಗದ ಕಚೇರಿಯ ಹಿರಿಯ ಹೆಂಗಸೊಬ್ಬರು 14 ತಿಂಗಳಿಂದ ಅವಳನ್ನು 'ಝೀ' ಎಂದೇ ಕರೆಯುತ್ತಿದ್ದವರು, ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಬಂದು, ಇನ್ನು ನಾವು 'ಡೂ' ಎನ್ನೋಣ ಎಂದರು. ಮುಂದಿನ ಭಾನುವಾರ ಮನೆಗೂ ಕರೆದರು. ಕಲಸಿದ ಹಿಟ್ಟನ್ನು ಮಣೆಯ ಮೇಲೆ ಹರಡಿ, ಚಾಕುವಿನಿಂದ ಎಳೆಎಳೆಯಾಗಿ ಕುದಿಯುವ ನೀರಿಗೆ ತಳ್ಳಿ ಸ್ಪೆಟ್ಸ್ಲೆ ಮಾಡುವುದನ್ನು ನನ್ನಾಕೆಗೆ ತೋರಿಸಿದರು. ಮೊಟ್ಟೆ ಹಾಕಿದ್ದರಿಂದ ನಾವು ಮುಟ್ಟಲಿಲ್ಲ. ಅವರು ಬೇಸರಿಸದೆ ನಮಗೆ ಬ್ರೆಡ್ಡು, ಚೀಸ್ ತಂದಿಟ್ಟರು. ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು. ನಾನು ನೋಡದವನಂತೆ ಇದ್ದೆ.

ಆ ಕೂಟದ ಗೆಳೆಯರು ಈಗ ಒಂದೊಂದು ದಿಕ್ಕಿನಲ್ಲಿದ್ದಾರೆ. ಅಲ್ಲಿ ಹೆಚ್ಚಿನ ಸಂಶೋಧಕರ ಕೆಲಸ ಕರಾರಿನದು. ಅವಧಿ ಮುಗಿದರೆ ಗಂಟುಮೂಟೆ ಕಟ್ಟಬೇಕು. ಮಗಳೂ 2020ರಲ್ಲಿ ಹಿಂದಿರುಗಿ ಈಗ ಪುಣೆಯಲ್ಲಿದ್ದಾಳೆ. ಕಚೇರಿಯ ಆ ಮಹಿಳೆ ಪ್ರತಿ ವರ್ಷ ಅವಳ ಹುಟ್ಟುಹಬ್ಬಕ್ಕೆ ಕೈಬರಹದ ಕಾಗದ ಕಳಿಸುತ್ತಾರೆ.

ಗಣಿತದ ಮೇಷ್ಟ್ರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 1983ರಿಂದ 85ರವರೆಗೆ ಹತ್ತನೆಯ ತರಗತಿಯಲ್ಲಿದ್ದವರಿಗೆ ಯಾರೆಂದು ತಿಳಿದಿರುತ್ತದೆ. ಅವರು ಹೋದದ್ದು ರೋಣ ತಾಲ್ಲೂಕಿಗೆ ಎಂದು ನೆನಪು. ಅವರೀಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಫೋನ್ ಸಂಖ್ಯೆ ಸಿಕ್ಕರೆ ಒಳ್ಳೆಯದು, ವಿಳಾಸ ಸಿಕ್ಕರೆ ಇನ್ನೂ ಒಳ್ಳೆಯದು. ಮೊಣಕಾಲು ನೋವಿದ್ದರೂ ರೈಲಿನಲ್ಲಿ ಗದಗಿನವರೆಗೆ ಹೋಗಬಲ್ಲೆ.