ಕಡಲಿನ ಕರೆಯೋಲೆ

ಮದುವೆಯ ಮನೆಯಿಂದ ಕರೆಯೋಲೆ ಹೊರಡುವುದಕ್ಕೆ ಮುಂಚೆ ಆ ಮನೆಯಲ್ಲಿ ನಡೆಯುವ ಕೆಲಸಗಳು ಹಲವು. ಅಂಗಳವನ್ನು ಸಾರಿಸಬೇಕು, ಚಪ್ಪರ ಹಾಕಬೇಕು, ಬಾವಿಯಲ್ಲಿ ನೀರು ಎಷ್ಟಿದೆ ಎಂದು ಇಣುಕಿ ನೋಡಬೇಕು. ಬರುವವರೆಷ್ಟು ಮಂದಿ, ಎಲೆಗಳೆಷ್ಟು ಬೇಕು, ಮಲಗುವುದಕ್ಕೆ ಚಾಪೆಗಳೆಷ್ಟು ಬೇಕು ಎಂಬ ಲೆಕ್ಕವನ್ನು ಮನೆಯ ಹಿರಿಯರು ಬೆರಳು ಮಡಿಸಿ ಹಾಕುತ್ತಾರೆ. ಇದಾವುದನ್ನೂ ಮಾಡದೆ ಅಂದವಾದ ಓಲೆಯನ್ನು ಅಚ್ಚು ಹಾಕಿಸಿ ಊರೂರಿಗೆ ಹಂಚಿದವನ ಪಾಡು ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ. ಪ್ರವಾಸೋದ್ಯಮ ಇಲಾಖೆಯ ಕೆಲಸವೂ ಒಂದು ಬಗೆಯಲ್ಲಿ ಕರೆಯೋಲೆ ಬರೆಯುವ ಕೆಲಸವೇ. ವ್ಯತ್ಯಾಸವಿಷ್ಟೆ: ಇಲ್ಲಿ ಕರೆಯುವ ಮನೆ ಒಂದು ನಾಡು, ಕರೆಯಿಸಿಕೊಳ್ಳುವವರು ಗುರುತು ಪರಿಚಯವಿಲ್ಲದ ಲಕ್ಷಾಂತರ ಜನ.

ಕರ್ನಾಟಕದ ಕರಾವಳಿಯನ್ನೇ ನೋಡಬಹುದು. ಉತ್ತರದಲ್ಲಿ ಕಾರವಾರದಿಂದ ದಕ್ಷಿಣದಲ್ಲಿ ಮಂಗಳೂರಿನವರೆಗೆ ಸುಮಾರು 320 ಕಿಲೋಮೀಟರುಗಳಷ್ಟು ಉದ್ದಕ್ಕೆ ಅದು ಹಬ್ಬಿದೆ. ಒಂದು ಕಡೆ ಅರಬ್ಬೀ ಸಮುದ್ರ, ಮತ್ತೊಂದು ಕಡೆ ಸಹ್ಯಾದ್ರಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಘಟ್ಟದಿಂದಿಳಿದು ಅಳಿವೆಗಳಲ್ಲಿ ಕಡಲನ್ನು ಸೇರುತ್ತವೆ. ಹಿಂದಿನ ಕಾಲದಲ್ಲಿ ಈ ತೀರಕ್ಕೆ ಬರುತ್ತಿದ್ದವರು ಗೋಕರ್ಣಕ್ಕೂ ಉಡುಪಿಗೂ ನಡೆಯುತ್ತಿದ್ದ ಯಾತ್ರಿಕರು, ಇಲ್ಲವೆ ಬಂದರುಗಳನ್ನು ಅರಸಿದ ವರ್ತಕರು. ಕಡಲನ್ನು ನೋಡುವುದಕ್ಕೆಂದೇ ಬಂದವರು ವಿರಳ. ಬೆಸ್ತನ ಪಾಲಿಗಂತೂ ಕಡಲು ನೋಟವಲ್ಲ, ಹೊಲ.

ಕರೆಯೋಲೆಯಿಲ್ಲದೆ ಬಂದು ಕಡಲಿಗೆ ಮನಸೋತವರೂ ಉಂಟು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ ಕಾರವಾರದಲ್ಲಿ ಕೆಲವು ಕಾಲ ತಂಗಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರಾಗಿದ್ದರು. 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ರವೀಂದ್ರರು ಬರೆದುದು ಈ ಕಡಲತೀರದಲ್ಲಿಯೇ. ಇಂದು ಕಾರವಾರದ ಕಡಲತೀರಕ್ಕೆ ಅವರದೇ ಹೆಸರು.

ಬಿಡಿಬಿಡಿಯಾಗಿದ್ದ ಇಂಥ ನೆನಪುಗಳನ್ನು ಹೆಕ್ಕಿ ಒಂದು ಮಾಲೆಯಾಗಿ ಕಟ್ಟುವುದು ಪ್ರಚಾರದ ಮೊದಲ ಕೆಲಸ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು 1971ರಲ್ಲಿ ಸ್ಥಾಪನೆಗೊಂಡಿತು. 1980ರಲ್ಲಿ ಆರಂಭವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಾಡಿನಿಂದ ಕಡಲಿಗೂ ಇಳಿದು, ಕಾಳಿಯ ಅಳಿವೆಯ ಬಳಿ ದೇವಬಾಗದಲ್ಲಿ ಬೀಡು ಬಿಟ್ಟಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ದೂರದ ಮುಂಬಯಿಯೂ ಕರಾವಳಿಗೆ ಒಂದು ರಾತ್ರಿಯ ನೆರೆಯಾಯಿತು. ದಾರಿ ತೆರೆಯಿತು, ಇನ್ನು ಕರೆಯುವುದಷ್ಟೇ ಉಳಿಯಿತು.

ಕರೆಯುವ ಕಲೆ ಸುಲಭವಲ್ಲ. ಮೊದಲು ಒಂದು ನುಡಿ ಬೇಕು. ಅದು ಗಾದೆಯಂತೆ ಚಿಕ್ಕದಾಗಿರಬೇಕು, ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲಬೇಕು. ನೆರೆಯ ಕೇರಳವು 1980ರ ದಶಕದ ಕೊನೆಯಲ್ಲಿ ತನ್ನನ್ನು 'ದೇವರ ಸ್ವಂತ ನಾಡು' ಎಂದು ಕರೆದುಕೊಂಡಿತು. ಆ ಒಂದು ಮಾತು ನೂರು ಪುಟಗಳ ವರ್ಣನೆಗಿಂತ ಹೆಚ್ಚು ಜನರನ್ನು ತಲುಪಿತು. ಕರ್ನಾಟಕವು 'ಒಂದು ರಾಜ್ಯ, ಹಲವು ಜಗತ್ತು' ಎಂಬ ನುಡಿಯನ್ನು ಆರಿಸಿಕೊಂಡಿತು. ಬೆಟ್ಟ, ಬಯಲು, ಕಾಡು, ಕಡಲು ಎಲ್ಲವನ್ನೂ ಒಂದೇ ಮಡಿಲಲ್ಲಿ ಹೊತ್ತ ನಾಡಿಗೆ ಆ ಮಾತು ಸಲ್ಲುತ್ತದೆ.

ನುಡಿಯಾದ ಮೇಲೆ ಕತೆ. ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪದಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ಬಂಡೆಗಳು ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿದು, ಬಿರಿದು, ಈ ಕಂಬಗಳಾದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ದ್ವೀಪಕ್ಕೆ ಈ ಹೆಸರನ್ನಿಟ್ಟನೆಂಬುದು ಪ್ರತೀತಿ. ಕಲ್ಲಿಗೆ ಕತೆ ಸೇರಿದರೆ ನೋಡುವವನ ಕಣ್ಣು ಅರಳುತ್ತದೆ. ಕಾರವಾರದಲ್ಲಿ ನೌಕಾಪಡೆಯಿಂದ ನಿವೃತ್ತಿ ಪಡೆದ 'ಚಪಲ್' ಎಂಬ ಯುದ್ಧನೌಕೆಯನ್ನು ದಡಕ್ಕೆ ತಂದು, 2006ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದುದೂ ಇದೇ ಜಾಣ್ಮೆಯಿಂದ.

ಕೊನೆಯದು ಚಿತ್ರ. ಛಾಯಾಗ್ರಾಹಕನು ಗಾಳಿಮರಗಳ ಕೆಳಗೆ ಗಂಟೆಗಟ್ಟಲೆ ಕಾದು, ಸೂರ್ಯಬಿಂಬವು ನೀರನ್ನು ಮುಟ್ಟುವ ಒಂದು ಕ್ಷಣವನ್ನು ಹಿಡಿಯುತ್ತಾನೆ. ಆ ಚಿತ್ರ ಬಸ್ಸು ನಿಲ್ದಾಣದ ಗೋಡೆಯ ಮೇಲೆ, ಕೈಪಿಡಿಯ ಮುಖಪುಟದಲ್ಲಿ, ದೂರದ ನಗರಗಳ ಮೇಳಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಡಲನ್ನು ಎಂದೂ ಕಾಣದ ಬಯಲುಸೀಮೆಯ ಬಾಲಕನೊಬ್ಬ ಅದನ್ನು ನೋಡಿ, ಈ ವರ್ಷದ ಶಾಲಾ ಪ್ರವಾಸಕ್ಕೆ ತನ್ನ ಹೆಸರನ್ನು ಬರೆಸುತ್ತಾನೆ. ಅಲ್ಲಿಗೆ ಕರೆಯೋಲೆ ಮುಟ್ಟಿತು.

ಆದರೆ ಚಿತ್ರಕ್ಕೆ ಅಂಚುಂಟು, ಕಡಲಿಗೆ ಅಂಚಿಲ್ಲ. ಅಂಚಿನಾಚೆ ಇರುವುದನ್ನು ಚಿತ್ರವು ಹೇಳುವುದಿಲ್ಲ. ಜೂನ್ ತಿಂಗಳಿನಲ್ಲಿ ಮುಂಗಾರು ಅಪ್ಪಳಿಸಿದಾಗ ಅದೇ ತೀರ ಹೇಗಿರುವುದೆಂಬುದು ಅದರಲ್ಲಿಲ್ಲ. ಮರಳಿನ ಮೇಲೆ ಒಣಗುವ ಮೀನು, ಅದರ ವಾಸನೆ, ಬಲೆಯ ಹರಕನ್ನು ಹೊಲಿಯುವ ಮುದುಕನ ಕೈ ಅದರಲ್ಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೀರಿನ ಸೆಳೆತ ಅದರಲ್ಲಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅನಂತರ ಆ ತೀರದಲ್ಲಿ ಪ್ರವಾಸಿಗರು ನೀರಿಗಿಳಿಯುವುದನ್ನು ಕೆಲವು ಕಾಲ ನಿಷೇಧಿಸಲಾಯಿತು. ಕಡಲನ್ನು ಕಾಣುವ ಆಸೆಯಿಂದ ನಾಡಿನ ಆ ತುದಿಯಿಂದ ಹೊರಟು ಬಂದ ಮಕ್ಕಳು ಮನೆಗೆ ಮರಳಲಿಲ್ಲ. ಕರೆದವರೂ ಕರೆತಂದವರೂ ತಲೆ ತಗ್ಗಿಸಿ ಯೋಚಿಸಬೇಕಾದ ದುಃಖವಿದು.

ಕಡಲಿನ ಮಗ್ಗುಲಲ್ಲಿ ಹುಟ್ಟಿ ಬೆಳೆದ ಬೆಸ್ತರು ತಮ್ಮ ಮಕ್ಕಳಿಗೆ ಕಲಿಸುವ ಒಂದು ಪಾಠವುಂಟು: "ತಮಾ, ನೊರೆ ಏಳುವಲ್ಲಿ ಹೆದರುವುದಕ್ಕಿಂತ, ಎರಡು ನೊರೆಗಳ ನಡುವೆ ಸುಮ್ಮನಿರುವ ನೀರಿಗೆ ಹೆಚ್ಚು ಹೆದರು." ಇದು ಅನುಭವದ ಮಾತು, ವಿಜ್ಞಾನವೂ ಇದನ್ನು ಒಪ್ಪುತ್ತದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಿರುಗಲೇಬೇಕು. ಕೆಲವೆಡೆ ಅದು ಕಿರಿದಾದ ಕಾಲುವೆಯಂತೆ ಒಟ್ಟುಗೂಡಿ ರಭಸದಿಂದ ಕಡಲಿಗೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ಆದುದರಿಂದ ಹೊಸಬನ ಕಣ್ಣಿಗೆ ಅದೇ ಸುರಕ್ಷಿತ ತಾಣವೆಂದು ತೋರುತ್ತದೆ. ಆ ಸೆಳೆತಕ್ಕೆ ಸಿಕ್ಕಿದವನು ನೇರವಾಗಿ ದಡದತ್ತ ಈಜಲು ಹೆಣಗಿ, ಬಳಲಿ ಮುಳುಗುತ್ತಾನೆ. ಈಜು ಬಲ್ಲವನು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರಬಲ್ಲನು. ಈಜು ಬಾರದವನು ಗಾಬರಿಗೊಳ್ಳದೆ ತೇಲುತ್ತ, ಕೈಯೆತ್ತಿ ಸಹಾಯವನ್ನು ಕೋರಬೇಕು. ಇಷ್ಟು ಮಾತು ಕರೆಯೋಲೆಯ ಒಂದು ಮೂಲೆಯಲ್ಲಿದ್ದರೂ ಎಷ್ಟೋ ಜೀವಗಳು ಉಳಿಯಬಹುದು.

ಹಾಗಾದರೆ ಕರೆಯೋಲೆ ಸುಳ್ಳೆ? ಅಲ್ಲ, ಅದು ಅರ್ಧ ನಿಜ. ಮಿಕ್ಕ ಅರ್ಧವನ್ನು ಪೂರೈಸುವ ಪ್ರಯತ್ನಗಳೂ ನಡೆದಿವೆ. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ 'ಬ್ಲೂ ಫ್ಲ್ಯಾಗ್' ಎಂಬ ನೀಲಿ ಧ್ವಜದ ಯೋಜನೆ ಅಂಥದೊಂದು. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಈ ಮನ್ನಣೆ ದೊರೆಯಿತು. ಅವುಗಳಲ್ಲಿ ಎರಡು ಕರ್ನಾಟಕದವು: ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಈ ಧ್ವಜವನ್ನು ನೀಡುವವರು ಸೂರ್ಯಾಸ್ತ ಎಷ್ಟು ಸೊಗಸಾಗಿದೆ ಎಂದು ಕೇಳುವುದಿಲ್ಲ. ನೀರಿನಲ್ಲಿ ಕೊಳಚೆ ಬೆರೆತಿದೆಯೆ, ಕಸ ಎಲ್ಲಿಗೆ ಹೋಗುತ್ತದೆ, ಶೌಚಾಲಯ ಶುಚಿಯಾಗಿದೆಯೆ, ಜೀವರಕ್ಷಕ ಸಿದ್ಧನಾಗಿ ನಿಂತಿದ್ದಾನೆಯೆ, ನಡೆಯಲಾರದವರೂ ಕಡಲಿನ ಬಳಿಗೆ ಬರಬಲ್ಲರೆ ಎಂಬಂಥ 33 ಅಂಶಗಳನ್ನು ಪರೀಕ್ಷಿಸುತ್ತಾರೆ. ಒಮ್ಮೆ ದೊರೆತ ಧ್ವಜ ಶಾಶ್ವತವೂ ಅಲ್ಲ. ಕಾಲಕಾಲಕ್ಕೆ ಮತ್ತೆ ಪರೀಕ್ಷೆಗೆ ಒಳಗಾಗಿ ಅದನ್ನು ಉಳಿಸಿಕೊಳ್ಳಬೇಕು. ಇಲ್ಲಿ ಪ್ರಚಾರವು ವರ್ಣನೆಯಾಗಿ ಉಳಿಯದೆ ವಾಗ್ದಾನವಾಗುತ್ತದೆ.

ಇನ್ನೊಂದು ಮಾತನ್ನೂ ಮರೆಯಲಾಗದು. ಮದುವೆಗೆ ಜನರನ್ನು ಕರೆಯುವ ಮುನ್ನ ಮನೆಯವರನ್ನು ಕೇಳುವುದು ಧರ್ಮ. ಕರಾವಳಿಯಲ್ಲಿ ಮೊಗವೀರರು, ಖಾರ್ವಿಗಳು ಮತ್ತು ಇತರ ಬೆಸ್ತರ ಪಾಲಿಗೆ ಮರಳದಂಡೆಯೇ ಮನೆಯ ಅಂಗಳ. ಒಂದು ಕಾಲದಲ್ಲಿ ಊರಿಗೆ ಊರೇ ಸೇರಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದುದು ಆ ಅಂಗಳದಲ್ಲಿಯೇ. ಅಲ್ಲಿ ಬೇಲಿ ಎದ್ದರೆ ದೋಣಿಯನ್ನು ಎಲ್ಲಿ ಎಳೆದಿಡುವುದು, ಮೀನನ್ನು ಎಲ್ಲಿ ಹರಡುವುದು? ಪ್ರವಾಸಿಗರಿಂದ ದೋಣಿಯವನಿಗೂ ಅಂಗಡಿಯವನಿಗೂ ನಾಲ್ಕು ಕಾಸು ದೊರೆಯುವುದು ನಿಜ. ಆದರೆ ಅತಿಥಿಗೆ ಚಾಪೆ ಹಾಸುವುದಕ್ಕಾಗಿ ಮನೆಯವನನ್ನೇ ಬೀದಿಗೆ ಕಳುಹಿಸಿದರೆ ಅದು ಆತಿಥ್ಯವೆನಿಸದು. ಕಾಸರಕೋಡಿನ ಬಳಿ ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಮರದ ಕಾಲುದಾರಿಯೊಂದನ್ನು ನಿರ್ಮಿಸಲಾಗಿದೆ. ಬಂದವರು ಗಿಡಗಳನ್ನು ತುಳಿಯದೆ ಅವುಗಳ ನಡುವೆ ನಡೆದು ಹೋಗುತ್ತಾರೆ. ಇದ್ದುದನ್ನು ಇದ್ದಂತೆಯೇ ಉಳಿಸಿ ತೋರಿಸುವ ಇಂಥ ದಾರಿಯೇ ಎಲ್ಲೆಡೆಯೂ ಮೇಲಾದ ದಾರಿ.

ಅತಿಥಿಗೂ ಕರ್ತವ್ಯವುಂಟು. ಉಂಡ ಎಲೆಯನ್ನು ನಡುಮನೆಯಲ್ಲಿ ಬಿಸುಟು ಹೋಗುವ ನೆಂಟನನ್ನು ಯಾರೂ ಮೆಚ್ಚುವುದಿಲ್ಲ. ಕಡಲತೀರದಲ್ಲಿ ಪ್ಲಾಸ್ಟಿಕ್ ಬಾಟಲಿಯನ್ನು ಬಿಸುಡುವವನೂ ಅಂಥ ನೆಂಟನೇ. ಜೀವರಕ್ಷಕನ ಸೀಟಿ ಕೇಳಿದಾಗ "ಇನ್ನೊಂದೇ ಅಲೆ" ಎಂದು ನೀರಿನಲ್ಲಿ ನಿಲ್ಲುವ ಹುಡುಗನಿಗೆ ಆ ಇನ್ನೊಂದು ಅಲೆಯ ಬಲ ತಿಳಿಯದು. ಸೀಟಿ ಊದುವವನು ಅವನ ಸಂತೋಷಕ್ಕೆ ಅಡ್ಡ ಬರುವ ಶತ್ರುವಲ್ಲ. ಅವನು ಆ ಮನೆಯ ಹಿರಿಯ.

ದೂರವಾಣಿ ಮನೆಮನೆಗೆ ಬರುವ ಮುನ್ನ ಹಳ್ಳಿಗಳಲ್ಲಿ ಒಂದು ರೂಢಿಯಿತ್ತು. ಮದುವೆ ಮುಗಿದು ನೆಂಟರ ಗಾಡಿ ಹೊರಟಾಗ ಮನೆಯ ಯಜಮಾನನು ಊರಗಡಿಯವರೆಗೂ ನಡೆದು ಬಂದು, "ಊರು ಮುಟ್ಟಿದ ಕೂಡಲೆ ಒಂದು ಕಾಗದ ಹಾಕಿ" ಎಂದು ಹೇಳುತ್ತಿದ್ದನು. ಆ ಕಾಗದ ಕೈಸೇರುವವರೆಗೆ ಅವನ ಪಾಲಿಗೆ ಮದುವೆ ಮುಗಿದಂತಲ್ಲ. ಕಡಲಿನ ಹೆಸರಿನಲ್ಲಿ ಜನರನ್ನು ಕರೆಯುವವರ ಮನಸ್ಸಿನಲ್ಲಿಯೂ ಆ ಯಜಮಾನನ ಕಳವಳ ನೆಲೆಸಬೇಕು. ಎಷ್ಟು ಮಂದಿ ಬಂದರೆಂಬುದು ವರದಿಯ ಲೆಕ್ಕ. ಎಲ್ಲರೂ ಕ್ಷೇಮವಾಗಿ ಮನೆ ಸೇರಿದರೆಂಬುದೇ ಆತಿಥ್ಯದ ಲೆಕ್ಕ.