ಹೊರಗುತ್ತಿಗೆ

ಕೂಲಿ ಕೊಟ್ಟು ಅನ್ಯರಿಂದ ಕೆಲಸ ಮಾಡಿಸಿಕೊಳ್ಳುವ ಪದ್ಧತಿಯು ಪುತ್ತೂರು, ಸುಳ್ಯ, ಕಡಬ ಸೀಮೆಯ ಅಡಿಕೆ ಬೆಳೆಗಾರರಿಗೆ ಹೊಸತಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದಕ್ಕೂ ಗೊನೆ ಕೊಯ್ಯುವುದಕ್ಕೂ ಮರ ಹತ್ತಬಲ್ಲವರನ್ನೇ ನಾವು ನಂಬಿ ಬಂದವರು. ಆಷಾಢದಲ್ಲಿ ಅವರು ಬಾರದಿದ್ದರೆ ಕಾಯಿಗಳು ಕೊಳೆತು ಬುಡಕ್ಕುದುರುವುವು.

ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಮಾಡುವ ಉದ್ಯೋಗವೂ ಇದೇ ಜಾತಿಯದೆಂಬುದು ನನಗೆ ಮನದಟ್ಟಾದದ್ದು 2020ರಲ್ಲಿ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಗಣಕ ಲೆಕ್ಕಗಳು 2000ನೆಯ ಇಸವಿಗೆ ಕೆಡುವುವೆಂಬ ಭಯ ಪಶ್ಚಿಮದವರಿಗೆ ಹುಟ್ಟಿದಾಗ, ಅವನ್ನು ತಿದ್ದುವ ಕೆಲಸ ಹೇರಳವಾಗಿ ಇತ್ತ ಹರಿಯಿತು. ಅಲ್ಲಿಂದ ಮುಂದಕ್ಕೆ ನಮ್ಮೂರ ಹುಡುಗರಿಗೆ ಬರವಿರಲಿಲ್ಲ.

ಕೊರೋನಾ ಕಾಲದಲ್ಲಿ ಮಗನು ಗಣಕಯಂತ್ರದೊಡನೆ ಮನೆಗೆ ಬಂದು ಚಾವಡಿಯಲ್ಲಿ ಕುಳಿತನು. ನಾವು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಬೆಳಗಾಗುವುದು. ಆಗ ಅವನ ಮಾತುಕತೆ ಆರಂಭ. ತಂತಿಯ ಮೇಲೆ ಮರ ಬಿದ್ದ ದಿನ ಕೊಡೆ ಹಿಡಿದು, ಸಿಗ್ನಲನ್ನರಸುತ್ತ ಗುಡ್ಡೆಯೇರುವನು. ಅವನ ತಾಯಿ ಊಟದ ಬಟ್ಟಲು ಮುಚ್ಚಿಟ್ಟು ಕಾಯುವಳು.

“ಆ ಜನ ಇದನ್ನು ತಾವೇ ಏಕೆ ಮಾಡಿಕೊಳ್ಳರು?” ಎಂದು ಒಮ್ಮೆ ಕೇಳಿದೆನು.

“ನೀವೇಕೆ ಮರ ಹತ್ತುವುದಿಲ್ಲ, ಅಪ್ಪ?” ಎಂದನು. ಉತ್ತರಕ್ಕೆ ಎಡೆಯೇ ಉಳಿಯಲಿಲ್ಲ.

ಆಮೇಲೆ ಕಾರ್ಬನ್ ಫೈಬರಿನ ದೋಟಿಗಳು ಬಂದವು; ಕ್ಯಾಂಪ್ಕೊ ತರಬೇತಿ ಶಿಬಿರಗಳನ್ನು ನಡೆಸಿತು. ನೆಲದಲ್ಲೇ ನಿಂತು ಕೊಯ್ಯಬಹುದಾದುದರಿಂದ ನಾನೂ ಒಂದನ್ನು ತಂದೆನು. ಇಪ್ಪತ್ತು ವರ್ಷ ನಮ್ಮಲ್ಲಿ ಮರ ಹತ್ತಿದಾತನು ಅಂಗಳದಲ್ಲಿ ಅದನ್ನು ಕಂಡು, “ಇನ್ನು ನಾನು ಬರಬೇಕೆಂದಿಲ್ಲವೇ, ಅಣ್ಣೇರೇ?” ಎಂದನು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ಬಳಿಕ ಮಗನ ಬಾಯಲ್ಲೂ ಇದೇ ಧಾಟಿಯ ಮಾತು. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಬರವಣಿಗೆಯನ್ನು ಯಂತ್ರವೇ ಮಾಡುವುದಂತೆ. ಕೂಲಿ ಅಗ್ಗವೆಂಬ ಕಾರಣದಿಂದ ಬಂದ ಕೆಲಸವು, ಇನ್ನೂ ಅಗ್ಗದ ಕೈ ಸಿಕ್ಕಿದಾಗ ನಿಲ್ಲುವುದೆ? ಮನೆ ಸಾಲದ ಕಂತಿನ್ನೂ ಬಾಕಿಯಿದೆ.

ದೋಟಿಯ ವಿಷಯದಲ್ಲಿ ಮಾತ್ರ ನಡೆದದ್ದು ಬೇರೆ. ಹತ್ತಾಳೆತ್ತರದಲ್ಲಿ ತೂಗಾಡುವ ತುದಿಯನ್ನು ಬಲಿತ ಗೊನೆಗೇ ಸಿಕ್ಕಿಸುವ ಕಣ್ಣು ನನಗಿಲ್ಲ. ಅರ್ಧ ದಿನಕ್ಕೆ ಕುತ್ತಿಗೆ ಸೆಟೆದುಕೊಂಡಿತು. ಆತನನ್ನೇ ಕರೆಸಿದೆನು. ಈಗ ಆತನು ಸ್ವಂತ ದೋಟಿ ಕೊಂಡು ಮನೆಮನೆಗೆ ಹೋಗುತ್ತಾನೆ; ಕೂಲಿಯೂ ಮೊದಲಿಗಿಂತ ಹೆಚ್ಚು.

ಇದನ್ನು ಮಗನಿಗೆ ಹೇಳಿದೆನು. ಯಂತ್ರ ಬರೆದುದರಲ್ಲಿ ತಪ್ಪು ಹುಡುಕುವುದೇ ಸದ್ಯಕ್ಕೆ ತನ್ನ ರಾತ್ರಿಯ ಕೆಲಸವೆಂದನು. ಅದಕ್ಕೆ ಆಚೆಯವರು ಎಷ್ಟು ದಿನ ಕೂಲಿ ಕೊಡುವರೆಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.