ಅಪ್ಪನ ಕಡೆಯ ಲೆಕ್ಕ

ಹೋದ ತಿಂಗಳು ಮಂಡ್ಯದ ನಮ್ಮ ಮನೆಯಲ್ಲಿ ಮಗಳ ಜೊತೆ ಕೂತು ‘ಡಿಕೋಡಿಂಗ್ ಆನಿ ಪಾರ್ಕರ್’ ಎಂಬ ಇಂಗ್ಲಿಷ್ ಚಿತ್ರ ನೋಡಿದೆ. 2013ರ ಚಿತ್ರ. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ, ಪಾಠಕ್ಕೆ ನೆರವಾದೀತೆಂದು ಅವಳೇ ಹುಡುಕಿದ್ದು.

ಆನಿ ಪಾರ್ಕರ್ ಕಟ್ಟುಕಥೆಯ ಪಾತ್ರವಲ್ಲ, ಕೆನಡಾದ ಹೆಂಗಸು. ಕ್ಯಾನ್ಸರಿನಿಂದ ತಾಯಿ ಹೋದರು, ಅಕ್ಕ ಹೋದಳು, ಕೊನೆಗೆ ಆಕೆಗೂ ಸ್ತನ ಕ್ಯಾನ್ಸರ್ ಬಂತು. ಇದು ನಮ್ಮ ವಂಶದಲ್ಲೇ ಇದೆ ಎಂದು ಆಕೆ ಗೋಗರೆದರೂ ಚಿತ್ರದ ಡಾಕ್ಟರುಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇತ್ತ ಅಮೆರಿಕದಲ್ಲಿ ಮೇರಿ ಕ್ಲೇರ್ ಕಿಂಗ್ ಎಂಬ ವಿಜ್ಞಾನಿ ಅದನ್ನೇ ಹುಡುಕುತ್ತಿದ್ದರು. 23 ಕುಟುಂಬಗಳ 146 ರೋಗಿಗಳ ವಂಶಾವಳಿ ಇಟ್ಟುಕೊಂಡು, ದೋಷ 17ನೇ ವರ್ಣತಂತುವಿನಲ್ಲಿದೆ ಎಂದು ಅವರು ತೋರಿಸಿದ್ದು 1990ರಲ್ಲಿ. ಆ ಜೀನನ್ನೇ ಬೇರ್ಪಡಿಸಿ ಓದಿದ್ದು 1994ರಲ್ಲಿ, ಬೇರೊಂದು ತಂಡ. ಅದರ ಹೆಸರು ಬಿ.ಆರ್.ಸಿ.ಎ.-1. ನಮ್ಮೆಲ್ಲರಲ್ಲೂ ಇರುವ ಜೀನ್ ಇದು. ಡಿ.ಎನ್.ಎ. ಮುರಿದಲ್ಲಿ ರಿಪೇರಿ ಮಾಡುವುದು ಅದರ ಕೆಲಸ. ರಿಪೇರಿಯವನೇ ಕೆಟ್ಟರೆ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಚಿತ್ರ ನಡುವೆ ಕೊಂಚ ಎಳೆಯಿತು. ಮುಗಿದ ಮೇಲೆ ಮಗಳು ಕೇಳಿದಳು: “ಅಪ್ಪ, ಮಳವಳ್ಳಿ ಅಜ್ಜಿಗೆ ಆಗಿದ್ದೂ ಇದೇ ತಾನೆ?”

ಮಳವಳ್ಳಿ ಅಜ್ಜಿ ಎಂದರೆ ನನ್ನ ಸೋದರತ್ತೆ, ಅಪ್ಪನ ಒಡಹುಟ್ಟಿದ ತಂಗಿ. ನಲವತ್ತೆರಡಕ್ಕೇ ತೀರಿಕೊಂಡರು. ಮನೆಯಲ್ಲಿ ‘ಎದೆಹುಣ್ಣು’ ಎನ್ನುತ್ತಿದ್ದರು, ಅದೂ ಬಾಗಿಲು ಹಾಕಿಕೊಂಡು. ಮೊನ್ನೆ ಮೊನ್ನೆ ಮದ್ದೂರಿನಲ್ಲಿರುವ ಅವರ ಮಗಳಿಗೂ ಗಂಟು ಕಾಣಿಸಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ರಕ್ತಪರೀಕ್ಷೆಯಲ್ಲಿ ಬಿ.ಆರ್.ಸಿ.ಎ.-1ರ ದೋಷ ಸಿಕ್ಕಿತು. “ಭಾವ, ನಿಮಗೂ ಹೇಳಿಬಿಡಿ ಅಂದ್ರು ಡಾಕ್ಟ್ರು,” ಎಂದು ಅವಳು ಫೋನು ಮಾಡಿದಾಗ ನನಗ್ಯಾಕೆ ಎಂದುಕೊಂಡಿದ್ದೆ. ಮನೆಯಲ್ಲಿ, “ನಿಮ್ಮಮ್ಮನ ಕಡೆ ಯಾರಿಗೂ ಇಲ್ಲ, ನೀನು ಹೆದರಬೇಡ,” ಎಂದು ಮಗಳಿಗೂ ಹೇಳಿದ್ದೆ.

ಬಿ.ಎಸ್ಸಿ., ಬಿ.ಎಡ್. ಮಾಡಿ, ವರ್ಷವರ್ಷವೂ ಹತ್ತನೇ ತರಗತಿಗೆ ಮೆಂಡಲನ ಬಟಾಣಿ ಗಿಡ ಕಲಿಸುವ ಮೇಷ್ಟ್ರು ಆಡಿದ ಮಾತು ಇದು! ಹೆಂಗಸರ ಕಾಯಿಲೆ ಹೆಂಗಸರ ಕಡೆಯಿಂದಲೇ ಬರಬೇಕೆಂದು ಯಾವ ಪುಸ್ತಕದಲ್ಲಿತ್ತು? 17ನೇ ವರ್ಣತಂತು ಲಿಂಗ ನಿರ್ಧರಿಸುವ ಜೋಡಿಯದಲ್ಲ. ಗಂಡಸಿನಲ್ಲೂ ಎರಡಿವೆ, ಒಂದನ್ನು ಮಗುವಿಗೆ ಕೊಟ್ಟೇ ಕೊಡುತ್ತಾನೆ. ತನಗೇನೂ ಆಗದೆ ದೋಷವನ್ನು ಮಗಳಿಗೆ ದಾಟಿಸಬಲ್ಲ.

ಮಗಳು ನೋಟುಪುಸ್ತಕದಲ್ಲಿ ಗೀಟೆಳೆದಳು. ದೋಷ ಅತ್ತೆಯಿಂದ ಬಂದಿದ್ದರೆ ನಮ್ಮಪ್ಪನಲ್ಲಿ ಇರುವ ಸಂಭವ ಅರ್ಧ. ನನ್ನಲ್ಲಿ ಕಾಲು. ತನ್ನ ಹೆಸರಿನ ಕೆಳಗೆ ಅವಳೇ ‘ಅರೆಪಾಲು’ ಎಂದು ಬರೆದಳು. ಅಪ್ಪ ಈಗಿಲ್ಲ, ಆದ್ದರಿಂದ ಮೊದಲು ರಕ್ತ ಕೊಡಬೇಕಾದವನು ನಾನು. ನನ್ನಲ್ಲಿ ಆ ದೋಷವಿಲ್ಲದಿದ್ದರೆ ನನ್ನ ಕಡೆಯಿಂದ ಅವಳಿಗೂ ಇಲ್ಲ.

ಓದುವ ತಾಯಂದಿರು ಗಾಬರಿಯಾಗಬಾರದು. ನೂರು ಸ್ತನ ಕ್ಯಾನ್ಸರಿನಲ್ಲಿ ಹೀಗೆ ವಂಶದಿಂದ ಬರುವುದು ಐದರಿಂದ ಹತ್ತು. ದೋಷ ಇದ್ದವರಿಗೆಲ್ಲ ಕಾಯಿಲೆ ಬಂದೇ ತೀರುತ್ತದೆಂದೂ ಇಲ್ಲ. ಗೊತ್ತಿದ್ದರೆ ಚಿಕ್ಕ ವಯಸ್ಸಿನಿಂದಲೇ ತಪಾಸಣೆ ಮಾಡಿಸಬಹುದು. ಅತ್ತೆಗೆ ಆ ಅವಕಾಶವಿರಲಿಲ್ಲ.

ಚಿಕ್ಕಪ್ಪನಿಗೆ ಮಾತ್ರ ಸಿಟ್ಟು. “ಮದುವೆಗೆ ಬಂದ ಹೆಣ್ಣುಮಕ್ಕಳಿದಾವೆ ಮನೇಲಿ. ವಂಶದ ಕಾಯಿಲೆ ಅಂತ ಊರಿಗೆಲ್ಲ ಸಾರ್ತೀಯೇನೋ?” ಅವರ ಭಯ ಸುಳ್ಳಲ್ಲ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೇ ಮನೆತನ. ಅದಕ್ಕೇ ಮಗಳನ್ನು ಕೇಳಿದೆ, ಬರೆಯಲೇ ಎಂದು. “ಮುಚ್ಚಿಟ್ಟು ಮಾಡಿಕೊಳ್ಳೋ ಮದುವೆ ನನಗೆ ಬೇಡಪ್ಪ,” ಎಂದಳು.

ಬರುವ ಶನಿವಾರ ಇಬ್ಬರೂ ಬೆಂಗಳೂರಿನ ರೈಲು ಹತ್ತುತ್ತೇವೆ. ಅಷ್ಟರಲ್ಲಿ ವಂಶಾವಳಿ ಬರೆದು ತರಲು ಹೇಳಿದ್ದಾರೆ. ಅಜ್ಜಿಯ ತಂಗಿಯರಿಬ್ಬರ ಮುಂದೆ ಇನ್ನೂ ಖಾಲಿಯಿದೆ. ಅವರೇನಾಗಿ ಹೋದರೆಂದು ಬಲ್ಲವರು ಚಿಕ್ಕಪ್ಪ ಒಬ್ಬರೇ. ನಾಳೆ ಮಳವಳ್ಳಿ ಬಸ್ಸು ಹಿಡಿಯಬೇಕು.